ಎಂಟು ವರ್ಷದ ಆರೋಗ್ಯ ವಿಮೆ: ಮೂರು ಗಂಟೆ ಅಂದ್ರೆ ಎಲ್ಲಿಂದ ಎಣಿಸಬೇಕು?

ಅಪ್ಪ ಅಮ್ಮನಿಗೆ ಈ ಪಾಲಿಸಿ ಮಾಡಿಸಿದ್ದು 2017ರಲ್ಲಿ. ಐದು ಲಕ್ಷದ್ದು. ಕಂಪನಿಯ ಹೆಸರು ಬೇಡ. ಇಷ್ಟು ವರ್ಷದಲ್ಲಿ ಎರಡು ಕ್ಲೇಮ್ ಆಯಿತು, ಎರಡಕ್ಕೂ ತಕರಾರಿಲ್ಲದೆ ದುಡ್ಡು ಬಂತು. ಐದಕ್ಕೆ ನಾಲ್ಕು ಸ್ಟಾರ್ ಕೊಡಬಹುದಿತ್ತು. ಮೂರೇ ಕೊಡುತ್ತಿದ್ದೇನೆ. ನಿಯಮ ಬದಲಾದಾಗ ಇವರು ಅದನ್ನು ತಿಳಿಸುವ ರೀತಿ ಹಾಗಿದೆ.

2024ರ ಮೇ ಕೊನೆಯಲ್ಲಿ ವಿಮಾ ಕಂಪನಿಗಳ ಮೇಲಿನ ಸರ್ಕಾರಿ ನಿಯಂತ್ರಕ ಐಆರ್‌ಡಿಎಐನ ಸುತ್ತೋಲೆ ಬಂತು. ಕ್ಯಾಶ್‌ಲೆಸ್, ಅಂದ್ರೆ ಆಸ್ಪತ್ರೆ ಬಿಲ್ಲನ್ನು ಕಂಪನಿಯೇ ನೇರ ಕಟ್ಟುವುದು, ಕೇಳಿದರೆ ಒಂದು ಗಂಟೆಯಲ್ಲಿ ಉತ್ತರ, ಡಿಸ್ಚಾರ್ಜ್‌ಗೆ ಮೂರು ಗಂಟೆಯಲ್ಲಿ ಒಪ್ಪಿಗೆ. ನಮ್ಮ ಏಜೆಂಟ್ ವಾಟ್ಸಾಪ್‌ನಲ್ಲಿ ಕಳಿಸಿದ್ದು 'ಇನ್ನು ಮೂರೇ ಗಂಟೆಯಲ್ಲಿ ಮನೆಗೆ' ಅಂತ. ನಾನೂ ನಂಬಿದೆ.

2025ರ ಫೆಬ್ರವರಿಯಲ್ಲಿ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಬೆಳಗ್ಗೆ ಹತ್ತಕ್ಕೆ ಡಾಕ್ಟರ್ 'ಇವತ್ತು ಹೊರಡಿ' ಅಂದರು. ಊಟಕ್ಕೆ ಬಂದುಬಿಡ್ತೀವಿ ಅಂತ ಅಮ್ಮನಿಗೆ ಫೋನ್ ಮಾಡಿದೆ. ಆಸ್ಪತ್ರೆಯಿಂದ ಹೊರಬಿದ್ದಾಗ ಸಂಜೆ ಆರೂವರೆ. ಆಸ್ಪತ್ರೆಯಲ್ಲಿ ವಿಮೆಯ ಕಾಗದಪತ್ರ ನೋಡಿಕೊಳ್ಳುವ ಟಿಪಿಎ ಡೆಸ್ಕಿನ ಹುಡುಗನ ಮೇಲೆ ಚೆನ್ನಾಗಿ ರೇಗಿದೆ. ಅವನು ಸುಮ್ನೆ ಸ್ಕ್ರೀನ್ ನನ್ನ ಕಡೆ ತಿರುಗಿಸಿದ. ಫೈನಲ್ ಬಿಲ್ ಕಂಪನಿಗೆ ಹೋಗಿದ್ದೇ 3.40ಕ್ಕೆ. ಒಪ್ಪಿಗೆ ಬಂದದ್ದು 5.50ಕ್ಕೆ. ಕಂಪನಿ ತನ್ನ ಗಡುವಿನೊಳಗೇ ಇತ್ತು! ಮೂರು ಗಂಟೆಯ ಲೆಕ್ಕ ಶುರುವಾಗುವುದು ಆಸ್ಪತ್ರೆಯವರು ಕೋರಿಕೆ ಕಳಿಸಿದ ಮೇಲೆ, ಡಾಕ್ಟರ್ ಹೇಳಿದ ಮೇಲಲ್ಲ. ಅದಕ್ಕೆ ಮೊದಲು ಬಿಲ್ಲು ಫಾರ್ಮಸಿ, ಲ್ಯಾಬ್ ಅಂತ ಅಲೆದದ್ದು ಯಾರ ಲೆಕ್ಕಕ್ಕೂ ಇಲ್ಲ. ಕಂಪನಿ ಮೂರು ಗಂಟೆ ಮೀರಿಸಿ, ಅದಕ್ಕೆ ಆಸ್ಪತ್ರೆ ಜಾಸ್ತಿ ಬಿಲ್ ಹಾಕಿದರೆ ಆ ದುಡ್ಡು ಕಂಪನಿಯದೇ ಅನ್ನುವುದೂ ಅದೇ ಸುತ್ತೋಲೆಯಲ್ಲಿದೆ. ಅದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ.

ಆಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ನಮ್ಮಂಥ ವೈಯಕ್ತಿಕ ಪಾಲಿಸಿಗಳಿಗೆ ಇದ್ದ 18% ತೆರಿಗೆ ಹೋಯಿತು. ಹಿಂದಿನ ವರ್ಷ ನಾವು ಕಟ್ಟಿದ್ದು 40,000 ಪ್ರೀಮಿಯಂ, 7,200 ತೆರಿಗೆ. ನವೆಂಬರ್‌ನಲ್ಲಿ ರಿನ್ಯೂವಲ್ ನೋಡಿದರೆ ಪ್ರೀಮಿಯಂ 43,600. ಅರವತ್ತು ದಾಟಿದವರಿಗೆ ವರ್ಷಕ್ಕೆ 10%ಗಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ಐಆರ್‌ಡಿಎಐ ಹತ್ತಿರ ಹೋಗಬೇಕು. ಇವರು ಏರಿಸಿದ್ದು 9%. ಕಾನೂನಿನ ಪ್ರಕಾರ ಸರಿಯೇ ಬಿಡಿ. ಆದರೆ ಏರಿಕೆಯ ಬಗ್ಗೆ ಒಂದು ಮಾತೂ ಇಲ್ಲದ ಇಂಗ್ಲಿಷ್ ಮೆಸೇಜ್ ಬಂತು: ನಿಮಗೆ 7,848 ರೂಪಾಯಿ ಉಳಿತಾಯ, ಅಭಿನಂದನೆಗಳು. ಅದು ಏರಿಸಿದ ಪ್ರೀಮಿಯಂ ಮೇಲಿನ 18%.

ಅಪ್ಪ ಹಳೆಯ ರಸೀದಿ ತೆಗೆದು ಪಕ್ಕದಲ್ಲಿಟ್ಟುಕೊಂಡು ಕಳೆದರು. ಉಳಿದದ್ದು 3,600. 'ಮಿಕ್ಕಿದ್ದು ಎಲ್ಲೋ?' ಅಂತ ನನ್ನನ್ನೇ ಕೇಳಿದರು.