ಬಣ್ಣದ ಚೂರುಗಳ ಕೊಳವೆ: ದೊಡ್ಡವರು ಕೊಳ್ಳುವ ಮುನ್ನ

ಕೆಲಿಡೋಸ್ಕೋಪನ್ನು ಆಟಿಕೆ ಸಾಲಿನಿಂದ ಎತ್ತಿಕೊಂಡರೆ ನಿರಾಸೆಯೇ ಹೆಚ್ಚು. ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ 1817ರಲ್ಲಿ ಪೇಟೆಂಟ್ ಪಡೆದ ಈ ಕೊಳವೆಯ ಜೀವ ಇರುವುದು ಬಣ್ಣದ ಚೂರುಗಳಲ್ಲಲ್ಲ, ಕನ್ನಡಿಯಲ್ಲಿ.

ಅಗ್ಗದವುಗಳಲ್ಲಿ ಕನ್ನಡಿಯ ಬದಲು ಹೊಳೆಯುವ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದು ಕೂದಲೆಳೆಯಷ್ಟು ಬಾಗಿದರೂ ಅಂಚಿನ ಚಿತ್ರ ಕಲಸಿಹೋಗುತ್ತದೆ. ಮಾಮೂಲಿ ಗಾಜಿನ ಕನ್ನಡಿಯದ್ದು ಬೇರೆ ತಕರಾರು: ಲೇಪ ಹಿಂಬದಿಗಿರುವುದರಿಂದ ಗಾಜಿನ ಮೇಲ್ಮೈಯೂ ಮಂದವಾಗಿ ಪ್ರತಿಫಲಿಸಿ, ಗೆರೆಗೊಂದು ನೆರಳು ಅಂಟಿಕೊಳ್ಳುತ್ತದೆ. ಮುಂಬದಿಗೆ ಲೇಪವಿರುವ ಕನ್ನಡಿಯನ್ನೇ ಕೇಳಿ ಪಡೆಯಿರಿ. ಅದನ್ನು ಬಟ್ಟೆಯಿಂದ ಒರೆಸಬಾರದು, ಗೀರು ಬೀಳುತ್ತದೆ. ಧೂಳನ್ನು ಗಾಳಿ ಊದುವ ರಬ್ಬರ್ ಬುರುಡೆಯಿಂದ ತೆಗೆಯಬೇಕು.

ಎರಡು ಕನ್ನಡಿಗಳ ನಡುವೆ 60 ಡಿಗ್ರಿ ಇದ್ದರೆ 6 ಭಾಗಗಳ ಹೂವು, 30 ಇದ್ದರೆ 12. ಕೋನ ತಪ್ಪಿದ್ದರೆ ನಿಜವಾದ ಚೂರುಗಳಿಗೆ ಎದುರಾಗಿರುವ ದಳದಲ್ಲಿ ಜೋಡಣೆ ಒಡೆದು ಕಾಣುತ್ತದೆ. ಅಂಗಡಿಯಲ್ಲೇ ಬೆಳಕಿಗೆ ಹಿಡಿದು ಅದೊಂದನ್ನು ನೋಡಿ, ಸಾಕು. ಮೂರು ಕನ್ನಡಿಯವು ಹೂವಿನ ಬದಲು ಕೊನೆಯಿಲ್ಲದ ನೆಲಹಾಸು ತೋರಿಸುತ್ತವೆ. ಚೆಂದವೇ, ಆದರೆ ಬೇಗ ಬೇಸರ ತರುತ್ತವೆ.

ಒಣ ಚೂರುಗಳು ಟಪ್ಪೆಂದು ಬೀಳುತ್ತವೆ, ಹಳೆಯ ಜಾತ್ರೆಯ ಸದ್ದು ಬೇಕೆನ್ನುವವರಿಗೆ ಅದೇ ಸರಿ. ಕೊಳವೆಯ ತುದಿಯಲ್ಲಿ ಗ್ಲಿಸರಿನ್ ಎಂಬ ಮಂದ ದ್ರವ ತುಂಬಿದ ಬಿಲ್ಲೆಯಿದ್ದರೆ, ಅದರಲ್ಲಿ ಅವೇ ಚೂರುಗಳು ತೇಲುತ್ತಾ ಇಳಿಯುತ್ತವೆ. ಕೈ ನಿಂತ ಮೇಲೂ ಚಿತ್ರ ಅರಳುತ್ತಲೇ ಇರುತ್ತದೆ. ಸಂಜೆ ದಣಿದ ಕಣ್ಣಿಗೆ ನಮ್ಮ ಆಯ್ಕೆ ಇದು. ಬಿಲ್ಲೆಯೊಳಗೆ ದೊಡ್ಡ ಗಾಳಿಗುಳ್ಳೆ ಕಂಡರೆ ಮಾತ್ರ ಬೇಡ, ದ್ರವ ಸೋರುತ್ತಿರಬಹುದು.