ಮೂಡಣಕ್ಕೆ ಎದುರಾಗಿ ಯಾವ ಮರ: ಆಲ, ಕಮರ, ಕರಿಜಾಲಿ

ದೀಪಾವಳಿಯ ಆಸುಪಾಸು ಚಿತ್ರದುರ್ಗದ ಸುತ್ತ ಬೆಳಗಿನ ಬೆಳಕು ಬಲು ಚೆಂದ. ಮುಂಗಾರು ಹಿಂದೆ ಸರಿದಿರುತ್ತದೆ, ಬೇಸಿಗೆ ಧೂಳು ಇನ್ನೂ ಎದ್ದಿರುವುದಿಲ್ಲ. ಸೂರ್ಯ ಹುಟ್ಟುವುದೂ ಆರೂಕಾಲು ದಾಟಿದ ಮೇಲೆ. ಸಿಲೂಯೆಟ್‌ಗೆಂದು, ಅಂದರೆ ಬೆಳಕಿನ ಎದುರು ಮರ ಬರೀ ಕಪ್ಪು ಆಕೃತಿಯಾಗಿ ಮೂಡುವ ಚಿತ್ರಕ್ಕೆಂದು, ನಮ್ಮ ನೆಲದ ಮೂರು ಮರಗಳ ಫೋಟೊ ತೆಗೆದು ನೋಡಿದೆ. ನನ್ನ ಮತ ಕರಿಜಾಲಿಗೆ.

ಆಲಕ್ಕೆ ಎಲೆ ಒತ್ತು. ಬೆಳಕು ನುಸುಳದೆ ಚಿತ್ರದಲ್ಲಿ ಬರೀ ಕಪ್ಪು ಗುಡ್ಡೆ ಕಾಣುತ್ತದೆ. ಬಿಳಲು ಮಾತ್ರ ಚೆನ್ನ.

ಕಮರ ಹಾಗಲ್ಲ. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡದ ಇಳಿಜಾರಿನಲ್ಲಿ ಅದರ ಸಪೂರ ರೆಂಬೆಗಳು ಕೆಳಕ್ಕೆ ಜೋತುಬಿದ್ದು, ಅಂಚಿನ ಜೋಡಿ ಎಲೆಗಳು ಬಿಡಿಬಿಡಿಯಾಗಿ ಎಣಿಸುವಂತೆ ಕಾಣುತ್ತವೆ. ಆದರೆ ಮರದ ಹಿಂದೆ ಮರ, ಅದರಾಚೆ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರ. ಸೂರ್ಯ ಗುಡ್ಡ ದಾಟುವಷ್ಟರಲ್ಲಿ ಕೆಂಪೆಲ್ಲ ಇಳಿದು ಕಣ್ಣು ಕುಕ್ಕುತ್ತಾನೆ. ಕಮರ ಬೇಕೇ ಬೇಕೆಂದರೆ ಸೂರ್ಯೋದಯಕ್ಕೆ ಮುಂಚಿನ ಅರ್ಧ ಗಂಟೆಯಲ್ಲೇ ತೆಗೆದುಬಿಡಿ.

ಕರಿಜಾಲಿ ತುರುವನೂರು ಕಡೆ ಎರೆಹೊಲದ ಬದುವಿನಲ್ಲಿ ಒಂಟಿಯಾಗಿ ಸಿಗುತ್ತದೆ. ಸುತ್ತ ಬಯಲು. ಎಲೆ ತೀರಾ ಸಣ್ಣದಾದ್ದರಿಂದ ಇಡೀ ಮರ ಜರಡಿಯಂತೆ ಬೆಳಕು ಸೋಸುತ್ತದೆ, ಜೋಡಿ ಮುಳ್ಳು ಕೂಡ ಗೆರೆಗೆರೆಯಾಗಿ ಮೂಡುತ್ತವೆ. ಗೀಜಗನ ಹಳೇ ಗೂಡು ನೇತಾಡುತ್ತಿದ್ದರಂತೂ ಕೇಳುವುದೇ ಬೇಡ. (ಬಳ್ಳಾರಿ ಜಾಲಿ ಬೇರೆ, ಅದು ಅಮೆರಿಕ ಖಂಡದಿಂದ ಬಂದದ್ದು, ಬುಡದಲ್ಲೇ ಕವಲೊಡೆದು ಪೊದೆಯಾಗಿರುತ್ತದೆ.)

ಬಯಲಿನ ಇನ್ನೊಂದು ಲಾಭವೆಂದರೆ ಹಿಂದಕ್ಕೆ ಹೋಗಲು ಜಾಗ ಇರುವುದು. ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕ) ಮೇಲೆ ಸೂರ್ಯನ ಗಾತ್ರ ಫೋಕಲ್ ಲೆಂತಿನ (ಲೆನ್ಸಿನ ಮಿ.ಮೀ. ಅಳತೆ, ಅದು ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ) ನೂರರಲ್ಲೊಂದು ಪಾಲಿಗಿಂತ ತುಸು ಕಡಿಮೆ. 18 ಮಿ.ಮೀ.ನಲ್ಲಿ ಅದು ಚುಕ್ಕೆ. 300ರಲ್ಲಿ ಹೆಚ್ಚುಕಡಿಮೆ 3 ಮಿ.ಮೀ. ಬಿಂಬ. 6 ಮೀಟರ್ ಎತ್ತರದ ಜಾಲಿಯಿಂದ 200 ಮೀಟರ್ ದೂರ ನಿಂತರೆ ಸೂರ್ಯ ಮರದ ಮೂರನೇ ಒಂದು ಪಾಲಿನಷ್ಟು ದೊಡ್ಡದಾಗಿ ಕೊಂಬೆಗಳ ನಡುವೆ ಕೂರುತ್ತಾನೆ. ಜೋಗಿಮಟ್ಟಿ ಇಳಿಜಾರಿನಲ್ಲಿ ಅಷ್ಟು ದೂರ ಹೋದರೆ ಮರವೇ ಮರೆಯಾಗುತ್ತದೆ.

ಮುಂದಿನ ವಾರ ಅದೇ ಮರಕ್ಕೆ ಬಂದರೆ ನಿಲ್ಲುವ ಜಾಗ ಬದಲಾಗಿರುತ್ತದೆ. ಈ ತಿಂಗಳುಗಳಲ್ಲಿ ಸೂರ್ಯ ದಿನದಿನವೂ ದಕ್ಷಿಣಕ್ಕೆ ಸರಿಯುವುದರಿಂದ, ಅದೇ 200 ಮೀಟರ್ ದೂರದಲ್ಲಿ ನೀವು ಏಳೆಂಟು ಮೀಟರ್ ಉತ್ತರಕ್ಕೆ ಹೋಗಬೇಕು.

ಮೊಬೈಲಿನಲ್ಲಾದರೆ ಎಚ್‌ಡಿಆರ್ (ಕತ್ತಲ ಭಾಗವನ್ನು ತಾನಾಗಿ ಬೆಳಗಿಸುವ ಸೆಟ್ಟಿಂಗ್) ಆಫ್ ಮಾಡಿ, ಇಲ್ಲದಿದ್ದರೆ ಕಪ್ಪಾಗಬೇಕಾದ ಕಾಂಡ ಮಾಸಲು ಕಂದಾಗುತ್ತದೆ. ಕ್ಯಾಮೆರಾದಲ್ಲಿ ಸೂರ್ಯನ ಪಕ್ಕದ ಆಕಾಶಕ್ಕೆ ಮೀಟರಿಂಗ್ ಮಾಡಿ (ಅಲ್ಲಿನ ಬೆಳಕು ಅಳೆಯಿಸಿ), ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧಕ್ಕೆ ತನ್ನಿ. ಡಿಎಸ್‌ಎಲ್‌ಆರ್‌ನ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ವ್ಯೂಫೈಂಡರಿನಲ್ಲಿ, ಅಂದರೆ ಕಣ್ಣಿಡುವ ಕಿಂಡಿಯಲ್ಲಿ, ಮಾತ್ರ ಸೂರ್ಯನನ್ನು ನೋಡಲೇಬೇಡಿ. ಟೆಲಿ ಲೆನ್ಸ್ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್) ಹಾಕಿದಾಗ ಕಣ್ಣಿಗೆ ಅಪಾಯ, ಲೈವ್ ವ್ಯೂ ಬಳಸಿ, ಅಂದರೆ ಹಿಂದಿನ ಪರದೆಯಲ್ಲಿ ನೋಡಿ.