ಬಿಯರಾ, ವಿಸ್ಕಿಯಾ? ಲೆಕ್ಕ ಹಾಕಿ ನೋಡಿ

“ನಾನು ಬರೀ ಬಿಯರ್ ಕುಡಿಯೋದು, ಹಾಟ್ (ವಿಸ್ಕಿ, ರಮ್‌ನಂಥವು) ಮುಟ್ಟಲ್ಲ” ಅನ್ನುವವರು ಬಹಳ. ಈ ಧೈರ್ಯ ಎಷ್ಟು ಸರಿ?

ನಮ್ಮ ಸ್ಟ್ರಾಂಗ್ ಬಿಯರ್‌ನಲ್ಲಿ ಆಲ್ಕೋಹಾಲ್ ಶೇ. 8ರವರೆಗೂ ಇರುತ್ತದೆ. 650 ಎಂ.ಎಲ್. ಬಾಟಲಿ ಖಾಲಿಯಾದರೆ ಸುಮಾರು 41 ಗ್ರಾಂ ಆಲ್ಕೋಹಾಲ್ ಹೊಟ್ಟೆಗೆ ಹೋದಂತೆ. ವಿಸ್ಕಿ ಸಾಮಾನ್ಯವಾಗಿ ಶೇ. 42.8, 60 ಎಂ.ಎಲ್. ಲಾರ್ಜ್‌ನಲ್ಲಿ ಸುಮಾರು 20 ಗ್ರಾಂ. ಅಂದರೆ ಒಂದು ಸ್ಟ್ರಾಂಗ್ ಬಾಟಲಿ ಎರಡು ಲಾರ್ಜ್‌ಗೆ ಸಮ! ಶೇ. 5ರ ಮೈಲ್ಡ್ ಬಾಟಲಿಯಾದರೂ ಒಂದು ಲಾರ್ಜ್‌ಗಿಂತ ಜಾಸ್ತಿಯೇ.

ವ್ಯತ್ಯಾಸ ಇರುವುದು ವೇಗದಲ್ಲಿ. ಖಾಲಿ ಹೊಟ್ಟೆಗೆ ವಿಸ್ಕಿ ಬೇಗ ತಲೆಗೇರುತ್ತದೆ. ಬಿಯರ್ ಹೊಟ್ಟೆ ತುಂಬಿಸುತ್ತದೆ, ಜೊತೆಗೆ ಕ್ಯಾಲರಿಯನ್ನೂ. ಆದರೆ ವಿಸ್ಕಿಯನ್ನು ಅಳೆದು ಹಾಕಿಕೊಳ್ಳಬಹುದು. ಓಪನ್ ಮಾಡಿದ ಬಿಯರ್ ಬಾಟಲಿಯನ್ನು ಅರ್ಧಕ್ಕೆ ಬಿಟ್ಟು ಏಳುವವರು ಅಪರೂಪ, ಅಲ್ವಾ?

ಲಿವರ್‌ಗೆ ಎರಡೂ ಒಂದೇ. 41 ಗ್ರಾಂ ಕರಗಿಸಲು ಅದಕ್ಕೆ ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಕಾಫಿ, ನಿಂಬೆರಸ ಎಲ್ಲ ಸುಮ್ನೆ. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ. ಒಂದೇ ಲಾರ್ಜ್ ಹಲವರನ್ನು ಅದರಾಚೆ ದಾಟಿಸುತ್ತದೆ.

ಕ್ಯಾನ್ಸರ್ ವಿಷಯದಲ್ಲೂ ಬ್ರ್ಯಾಂಡ್ ಭೇದವಿಲ್ಲ. ಸುರಕ್ಷಿತ ಪ್ರಮಾಣ ಅನ್ನುವುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ನನ್ನನ್ನು ಕೇಳಿದರೆ ಎರಡೂ ಬೇಡ. ಕುಡಿದೇ ಕುಡಿಯುತ್ತೀರಾದರೆ ಲೇಬಲ್‌ನ ಶೇಕಡಾ ನೋಡಿ, ಊಟ ಮಾಡಿ, ಒಂದಕ್ಕೆ ನಿಲ್ಲಿಸಿ. ದಿನಾ ಜಾಸ್ತಿ ಕುಡಿಯುವವರು ಮಾತ್ರ ಒಮ್ಮೆಲೇ ಬಿಡಬೇಡಿ. ಫಿಟ್ಸ್ ಬರಬಹುದು, ಮೊದಲು ಡಾಕ್ಟರನ್ನು ಕಾಣಿ.